ಜಗತ್ತನ್ನು ಚಪ್ಪಟೆ ಮಾಡಿದ ಶೀರ್ಷಿಕೆ

ಕೆಲವು ಪುಸ್ತಕಗಳನ್ನು ಜನ ಓದುತ್ತಾರೆ. ಇನ್ನು ಕೆಲವು ಪುಸ್ತಕಗಳ ಹೆಸರನ್ನಷ್ಟೇ ಓದುತ್ತಾರೆ. ಹೆಚ್ಚು ಪ್ರಭಾವ ಬೀರುವುದು ಈ ಎರಡನೆಯ ಬಗೆಯವು. ಓದಿದ ಪುಸ್ತಕದೊಂದಿಗೆ ವಾದಿಸಬಹುದು, ಒಪ್ಪದೆ ಬದಿಗಿಡಬಹುದು. ಓದದ ಪುಸ್ತಕದ ಹೆಸರು ಗಾದೆಯಂತೆ ನಾಲಿಗೆಯ ಮೇಲೆ ಕೂತುಬಿಡುತ್ತದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಂಬುವ ನಾಡಿನಲ್ಲಿ ಅದನ್ನು ಪ್ರಶ್ನಿಸುವವರು ಯಾರು?

ಅಮೆರಿಕಾದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಅಂಕಣಕಾರ ಥಾಮಸ್ ಫ್ರೀಡ್‌ಮನ್ 2005ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಅಂಥದೊಂದು ಪುಸ್ತಕ. ಜಗತ್ತು ಚಪ್ಪಟೆಯಾಗಿದೆ ಎಂಬುದು ಅದರ ಹೆಸರು, ಅದರ ಘೋಷಣೆ, ಅದರ ತೀರ್ಪು. ನಲವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಆ ವರ್ಷದ ಅತ್ಯುತ್ತಮ ವಾಣಿಜ್ಯ ಕೃತಿಯೆಂದು ‘ಫೈನಾನ್ಷಿಯಲ್ ಟೈಮ್ಸ್’ ಮತ್ತು ಗೋಲ್ಡ್‌ಮನ್ ಸ್ಯಾಕ್ಸ್ ಸೇರಿ ಬಹುಮಾನ ಕೊಟ್ಟವು. 2006 ಮತ್ತು 2007ರಲ್ಲಿ ಹಿಗ್ಗಿಸಿದ ಆವೃತ್ತಿಗಳು ಬಂದವು. ಸಾಫ್ಟ್‌ವೇರ್ ಹೊಸ ಆವೃತ್ತಿಗೆ ಹಾಕುವಂತೆ ಪುಸ್ತಕಕ್ಕೂ ‘3.0’ ಎಂಬ ಸಂಖ್ಯೆ ಹಾಕಲಾಯಿತು. ಇಪ್ಪತ್ತೊಂದನೆಯ ಶತಮಾನದ ಸಂಕ್ಷಿಪ್ತ ಇತಿಹಾಸ ಎಂಬುದು ಅದರ ಉಪಶೀರ್ಷಿಕೆ. ಶತಮಾನಕ್ಕೆ ಐದು ವರ್ಷವೂ ತುಂಬಿರಲಿಲ್ಲ, ಆಗಲೇ ಅದರ ಇತಿಹಾಸ ಬರೆದು ಮುಗಿಸಲಾಗಿತ್ತು! ಹುಟ್ಟಿದ ಮಗುವಿನ ಕೈಗೆ ಅದರ ಜೀವನಚರಿತ್ರೆಯನ್ನೇ ಕೊಟ್ಟ ಹಾಗೆ.

ಇಪ್ಪತ್ತು ವರ್ಷ ದಾಟಿದ ಪುಸ್ತಕದ ಮೇಲೆ ಈಗೇಕೆ ಸಿಟ್ಟು ಎಂದು ಓದುಗರು ಕೇಳಬಹುದು. ಪುಸ್ತಕ ಹಳೆಯದಾಯಿತು, ನಿಜ. ಹೆಸರು ಹಳೆಯದಾಗಲಿಲ್ಲ. ಮಾಹಿತಿ ತಂತ್ರಜ್ಞಾನದ ಮೇಳಗಳಲ್ಲಿ, ಮಂತ್ರಿಗಳ ಭಾಷಣದಲ್ಲಿ, ಕಾಲೇಜುಗಳ ಪದವಿ ಪ್ರದಾನದಲ್ಲಿ ಅದು ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಮೈದಾನ ಎಲ್ಲರಿಗೂ ಸಮವಾಗಿದೆ, ಓಡುವುದಷ್ಟೇ ನಿಮ್ಮ ಕೆಲಸ, ಓಡಲಾರದಿದ್ದರೆ ತಪ್ಪು ನಿಮ್ಮದೇ ಎನ್ನುವ ಮಾತಿನ ಬೇರು ಅಲ್ಲಿದೆ. ಇನ್ನೊಂದು ಕಾರಣ ಇನ್ನೂ ಹತ್ತಿರದ್ದು. ಆ ಹೆಸರು ಹುಟ್ಟಿದ್ದು ನ್ಯೂಯಾರ್ಕಿನಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ.

2004ರ ಆರಂಭದಲ್ಲಿ ಹೊರಗುತ್ತಿಗೆಯ ಬಗ್ಗೆ ಒಂದು ಟೆಲಿವಿಷನ್ ಸಾಕ್ಷ್ಯಚಿತ್ರಕ್ಕಾಗಿ ಫ್ರೀಡ್‌ಮನ್ ಬೆಂಗಳೂರಿಗೆ ಬಂದರು. ಆಗ ಇನ್ಫೋಸಿಸ್ಸಿನ ಮುಖ್ಯಸ್ಥರಾಗಿದ್ದ ನಂದನ್ ನಿಲೇಕಣಿ ಅವರಿಗೆ ಕಂಪೆನಿಯ ಆವರಣ ತೋರಿಸಿದರು. ಜಗತ್ತಿನ ಬೇರೆ ಬೇರೆ ಊರುಗಳ ಜನರೊಂದಿಗೆ ಒಟ್ಟಿಗೆ ಸಭೆ ನಡೆಸಬಹುದಾದ, ಗೋಡೆಯಷ್ಟು ದೊಡ್ಡ ಪರದೆಯ ಕೋಣೆ ತೋರಿಸಿದರು. ಮಾತಿನ ನಡುವೆ, ಆಟದ ಮೈದಾನವನ್ನು ಸಮ ಮಾಡಲಾಗುತ್ತಿದೆ ಎಂಬರ್ಥದ ಮಾತು ಹೇಳಿದರು. ಇದನ್ನು ಫ್ರೀಡ್‌ಮನ್ನರೇ ತಮ್ಮ ಪುಸ್ತಕದ ಮೊದಲ ಅಧ್ಯಾಯದಲ್ಲಿ ಬರೆದುಕೊಂಡಿದ್ದಾರೆ. ಹೋಟೆಲಿಗೆ ಮರಳುವ ದಾರಿಯಲ್ಲಿ ಆ ಮಾತನ್ನು ಮೆಲುಕು ಹಾಕುತ್ತಾ ಹಾಕುತ್ತಾ ಅದು ಅವರ ಬಾಯಲ್ಲಿ ಬೇರೆಯೇ ಮಾತಾಯಿತು. ಮೈದಾನ ಹೋಗಿ ಜಗತ್ತಾಯಿತು. ಸಮ ಮಾಡುವುದು ಹೋಗಿ ಚಪ್ಪಟೆಯಾಗಿರುವುದು ಆಯಿತು.

ಇದು ಬರೀ ಶಬ್ದದ ಬದಲಾವಣೆಯಲ್ಲ. ಮೈದಾನವನ್ನು ಸಮ ಮಾಡಲಾಗುತ್ತಿದೆ ಎನ್ನುವ ವಾಕ್ಯದಲ್ಲಿ ಕೆಲಸ ಇನ್ನೂ ಮುಗಿದಿಲ್ಲ. ಅದರಲ್ಲಿ ಒಬ್ಬ ಕರ್ತೃ ಅಡಗಿದ್ದಾನೆ. ಕೇಳುವವನು, ಯಾರು ಸಮ ಮಾಡುತ್ತಿದ್ದಾರೆ, ಯಾರಿಗಾಗಿ, ಯಾರ ಖರ್ಚಿನಲ್ಲಿ ಎಂದು ಕೇಳಬಹುದು. ಮೈದಾನ ಎಂದಾಗ ಅದಕ್ಕೊಂದು ಬೇಲಿಯೂ ಇರುತ್ತದೆ. ಒಳಗಿರುವವರು ಯಾರು, ಹೊರಗಿರುವವರು ಯಾರು ಎಂದೂ ಕೇಳಬಹುದು. ಜಗತ್ತು ಚಪ್ಪಟೆಯಾಗಿದೆ ಎಂಬ ವಾಕ್ಯದಲ್ಲಿ ಈ ಯಾವ ಪ್ರಶ್ನೆಗೂ ಎಡೆಯಿಲ್ಲ. ಬೆಟ್ಟ ಎತ್ತರವಾಗಿದೆ, ಕಡಲು ಉಪ್ಪಾಗಿದೆ ಎಂಬಂತೆ ಅದೂ ಒಂದು ಪ್ರಕೃತಿಯ ಸಂಗತಿಯಾಗಿಬಿಡುತ್ತದೆ. ಪ್ರಕೃತಿಯ ಮೇಲೆ ಯಾರೂ ದೂರು ಕೊಡುವುದಿಲ್ಲ, ಮುಷ್ಕರ ಹೂಡುವುದಿಲ್ಲ, ಚುನಾವಣೆಯಲ್ಲಿ ಅದನ್ನು ಸೋಲಿಸಲು ಹೋಗುವುದಿಲ್ಲ. ಆ ಹೆಸರಿನ ರಾಜಕೀಯ ಇರುವುದು ಇಲ್ಲಿ.

ಗದ್ದೆ ಸಮ ಮಾಡುವ ರೈತನನ್ನು ಕೇಳಿದರೆ ಈ ವಿಷಯ ಸುಲಭವಾಗಿ ತಿಳಿಯುತ್ತದೆ. ನೆಲ ತಾನಾಗಿ ಸಮವಾಗುವುದಿಲ್ಲ. ಒಂದು ಕಡೆ ಮಣ್ಣು ಕಡಿದು ಇನ್ನೊಂದು ಕಡೆ ತುಂಬಬೇಕು, ನೀರು ಬಿಟ್ಟು ನೋಡಬೇಕು, ಹಲಗೆ ಹೊಡೆಯಬೇಕು. ಮಣ್ಣು ಯಾವ ಮೂಲೆಯಿಂದ ಎದ್ದಿತು, ನೀರು ಕೊನೆಗೆ ಯಾರ ಪಾಲಿಗೆ ನಿಂತಿತು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಇನ್ನು ಚಪ್ಪಟೆಯ ಮಾತು. ಕನ್ನಡದಲ್ಲಿ ಒಂದು ವಸ್ತು ಚಪ್ಪಟೆಯಾಯಿತು ಎಂದರೆ ಅದರ ಮೇಲೆ ಏನೋ ಭಾರ ಬಿದ್ದಿದೆ ಎಂದೇ ಅರ್ಥ. ಫ್ರೀಡ್‌ಮನ್ನರಿಗೆ ಕನ್ನಡ ಬಂದಿದ್ದರೆ ತಮ್ಮ ಶೀರ್ಷಿಕೆಯ ಬಗ್ಗೆ ಎರಡು ಸಲ ಯೋಚಿಸುತ್ತಿದ್ದರೋ ಏನೋ.

ಪುಸ್ತಕ ಆರಂಭವಾಗುವುದು ಕೊಲಂಬಸ್ಸನಿಂದ. ಭಾರತವನ್ನು ಹುಡುಕಿ ಹೊರಟ ಕೊಲಂಬಸ್ ಭೂಮಿ ದುಂಡಗಿದೆಯೆಂದು ತನ್ನ ದೊರೆಗಳಿಗೆ ವರದಿ ಮಾಡಿದ, ಭಾರತಕ್ಕೆ ಬಂದ ತಾನು ಅದು ಚಪ್ಪಟೆಯೆಂದು ವರದಿ ಮಾಡುತ್ತಿದ್ದೇನೆ ಎಂಬುದು ಲೇಖಕರ ಚಮತ್ಕಾರ. ಆದರೆ ಕೊಲಂಬಸ್ಸನ ಕಾಲದ ಓದಿದವರಲ್ಲಿ ಭೂಮಿ ದುಂಡಗಿದೆಯೇ ಎಂಬ ಬಗ್ಗೆ ಜಗಳವೇ ಇರಲಿಲ್ಲ. ಗ್ರೀಕರ ಎರಟಾಸ್ತನೀಸ್ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಅದರ ಸುತ್ತಳತೆ ಲೆಕ್ಕ ಹಾಕಿದ್ದ. ನಮ್ಮ ಆರ್ಯಭಟನಿಗೆ ಭೂಮಿ ಗೋಳವೆಂದು ಗೊತ್ತಿತ್ತು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಖಲೀಫ ಅಲ್-ಮಾಮೂನ್ ತನ್ನ ವಿದ್ವಾಂಸರನ್ನು ಸಿಂಜಾರ್ ಬಯಲಿಗೆ ಕಳಿಸಿ ನೆಲವನ್ನೇ ಅಳೆಸಿದ. ಒಂದು ಡಿಗ್ರಿಗೆ 56 ಮೈಲಿ ಮತ್ತು ಮೂರನೇ ಎರಡು ಭಾಗ ಎಂಬ ಲೆಕ್ಕ ಬಂತು. ಕೊಲಂಬಸ್ ಮೊದಲ ಬಾರಿಗೆ ಭೂಮಿಯನ್ನು ದುಂಡಗೆ ಮಾಡಿದ ಎಂಬ ಕಥೆ ಜನಪ್ರಿಯವಾದದ್ದು ಬಹುಮಟ್ಟಿಗೆ ಅಮೆರಿಕಾದ ಲೇಖಕ ವಾಷಿಂಗ್ಟನ್ ಅರ್ವಿಂಗ್ 1828ರಲ್ಲಿ ಬರೆದ ಜೀವನಚರಿತ್ರೆಯಿಂದ.

ಈ ಇತಿಹಾಸದಲ್ಲಿ ಫ್ರೀಡ್‌ಮನ್ ಗಮನಿಸದ ಸ್ವಾರಸ್ಯವೊಂದಿದೆ. ಬಾಗ್ದಾದಿನ ವಿದ್ವಾಂಸರ ಆ ಅಳತೆ ಅಲ್-ಫರ್ಗಾನಿಯ ಗ್ರಂಥದ ಮೂಲಕ ಯುರೋಪಿಗೆ ಹೋಯಿತು, ಕೊಲಂಬಸ್ಸನ ಕೈಗೂ ಬಂತು. ಅವನು ಅರಬ್ ಮೈಲಿಯನ್ನು ಅದಕ್ಕಿಂತ ಚಿಕ್ಕದಾದ ರೋಮನ್ ಮೈಲಿಯೆಂದು ಓದಿಕೊಂಡ. ಭೂಮಿ ಸುಮಾರು ಕಾಲು ಭಾಗ ಕುಗ್ಗಿತು. ಪಶ್ಚಿಮಕ್ಕೆ ಹೊರಟರೆ ಏಷ್ಯಾ ಹತ್ತಿರದಲ್ಲೇ ಇದೆ ಎಂದು ಅವನು ನಂಬುವುದಕ್ಕೆ ಈ ತಪ್ಪು ಲೆಕ್ಕವೂ ಒಂದು ಕಾರಣ. ನಡುವೆ ಇನ್ನೊಂದು ಖಂಡವಿದ್ದದ್ದರಿಂದ ಬದುಕಿಕೊಂಡ. ಆ ಖಂಡದ ಮೂಲನಿವಾಸಿಗಳು ಬದುಕಲಿಲ್ಲ. ಹಾಗಾಗಿ ತಾನು ಕೊಲಂಬಸ್ಸನ ವಾರಸುದಾರ ಎಂದು ಫ್ರೀಡ್‌ಮನ್ ಹೇಳಿಕೊಳ್ಳುವುದರಲ್ಲಿ ಅವರಿಗೇ ತಿಳಿಯದ ಸತ್ಯವಿದೆ. ಇಬ್ಬರೂ ಬೇರೆಯವರ ಅಳತೆಯನ್ನು ತೆಗೆದುಕೊಂಡು ತಮ್ಮ ಮೈಲಿಯಲ್ಲಿ ಓದಿದರು. ಇಬ್ಬರ ಓದಿನಲ್ಲೂ ಜಗತ್ತು ಇರುವುದಕ್ಕಿಂತ ಚಿಕ್ಕದಾಯಿತು.

ಭಾರತಕ್ಕೆ ಬಂದ ಇನ್ನೊಬ್ಬ ವಿದ್ವಾಂಸ ನೆನಪಾಗುತ್ತಾನೆ. ಹನ್ನೊಂದನೆಯ ಶತಮಾನದ ಅಲ್-ಬಿರೂನಿ. ಈಗಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನ ಎಂಬ ಕೋಟೆಯ ಬಳಿ ಅವನು ಬೆಟ್ಟದ ಎತ್ತರವನ್ನು ಅಳೆದ. ಬೆಟ್ಟದ ಮೇಲೆ ನಿಂತು, ಕೆಳಗಿನ ಬಯಲಿನ ಅಂಚಿನಲ್ಲಿ ದಿಗಂತ ಎಷ್ಟು ತಗ್ಗಿ ಕಾಣುತ್ತದೆಂದು ಅಳೆದ. ಆ ಎರಡು ಅಳತೆಗಳಿಂದ ಭೂಮಿಯ ತ್ರಿಜ್ಯವನ್ನು ಇಂದಿನ ಲೆಕ್ಕಕ್ಕೆ ಬಹಳ ಹತ್ತಿರ ಬರುವಂತೆ ಕಂಡುಹಿಡಿದ. ಬಯಲಿನಲ್ಲಿ ನಿಂತವನಿಗೆ ಚಪ್ಪಟೆಯಾಗಿ ಕಾಣುವುದು ಎತ್ತರಕ್ಕೆ ಹೋದವನಿಗೆ ದುಂಡಗೆ ಕಾಣುತ್ತದೆ. ಈ ನೆಲದ ಬಗ್ಗೆ ಬರೆಯುವ ಮೊದಲು ಬಿರೂನಿ ಸಂಸ್ಕೃತ ಕಲಿತ, ಪಂಡಿತರ ಜೊತೆ ಕೂತ, ಅವರ ಗ್ರಂಥಗಳನ್ನು ಓದಿದ, ಆಮೇಲೆ ‘ಕಿತಾಬುಲ್ ಹಿಂದ್’ ಬರೆದ. ನಮ್ಮ ಕಾಲದ ಪ್ರವಾಸಿಗೆ ಒಂದು ಕಂಪೆನಿಯ ಸೋಫಾ ಸಾಕಾಯಿತು.

ಹಾಗಾದರೆ ಈ ಪುಸ್ತಕದ ನಿಜವಾದ ವಸ್ತು ಏನು? ಜಗತ್ತನ್ನು ಚಪ್ಪಟೆ ಮಾಡಿದ ಹತ್ತು ಶಕ್ತಿಗಳನ್ನು ಅದು ಪಟ್ಟಿ ಮಾಡುತ್ತದೆ. 1989ರಲ್ಲಿ ಬರ್ಲಿನ್ ಗೋಡೆ ಬಿದ್ದದ್ದು, 1995ರಲ್ಲಿ ನೆಟ್‌ಸ್ಕೇಪ್ ಷೇರು ಮಾರುಕಟ್ಟೆಗೆ ಬಂದದ್ದು, ಬೇರೆ ಬೇರೆ ಕಡೆಯ ಕಂಪ್ಯೂಟರುಗಳು ಒಂದೇ ಕೆಲಸವನ್ನು ಹಂಚಿಕೊಳ್ಳುವಂತೆ ಮಾಡಿದ ತಂತ್ರಾಂಶ, ಮುಕ್ತ ತಂತ್ರಾಂಶ, ಹೊರಗುತ್ತಿಗೆ, ಕಾರ್ಖಾನೆಗಳು ಚೀನಾಕ್ಕೆ ಹೋದದ್ದು, ವಾಲ್‌ಮಾರ್ಟಿನ ಸರಕು ಸಾಗಣೆಯ ವ್ಯವಸ್ಥೆ, ಗಿರಾಕಿ ಕಂಪೆನಿಗಳ ಒಳಕೆಲಸವನ್ನೇ ವಹಿಸಿಕೊಂಡ ಯುಪಿಎಸ್, ಗೂಗಲ್ ಹುಡುಕಾಟ, ಕೊನೆಗೆ ಮೊಬೈಲ್ ಮತ್ತು ನಿಸ್ತಂತು ಉಪಕರಣಗಳು. ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬರ್ಲಿನ್ ಗೋಡೆಯಂಥದನ್ನು ಬಿಟ್ಟರೆ ಉಳಿದದ್ದೆಲ್ಲ ಕಂಪೆನಿಗಳು ತಮ್ಮ ಕೆಲಸವನ್ನು ತುಂಡು ತುಂಡು ಮಾಡಿ, ಅಗ್ಗದ ಕೂಲಿ ಸಿಗುವ ಕಡೆ ಮಾಡಿಸಿ, ಮತ್ತೆ ಜೋಡಿಸಿಕೊಳ್ಳುವುದನ್ನು ಹೇಗೆ ಕಲಿತವು ಎಂಬ ಕಥೆ. ಅದು ಮುಖ್ಯವಾದ ಕಥೆಯೇ. ಫ್ರೀಡ್‌ಮನ್ ಅದನ್ನು ಚುರುಕಾಗಿ ಹೇಳುತ್ತಾರೆ, ಓದಿಸಿಕೊಂಡು ಹೋಗುತ್ತಾರೆ. ‘ದೊಡ್ಡ ಕಂಪೆನಿಗಳು ತಮ್ಮ ಕೆಲಸ ಹಂಚಿಕೊಂಡ ಬಗೆ’ ಎಂದು ಹೆಸರಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆ ಹೆಸರಿನಿಂದ ನಲವತ್ತು ಲಕ್ಷ ಪ್ರತಿಯೂ ಮಾರಾಟವಾಗುತ್ತಿರಲಿಲ್ಲ.

ಇನ್ನೂ ವಿಚಿತ್ರವೆಂದರೆ, ಶೀರ್ಷಿಕೆ ಸುಳ್ಳು ಎನ್ನುವುದಕ್ಕೆ ಸಾಕ್ಷಿ ಪುಸ್ತಕದೊಳಗೇ ಇದೆ. ಇನ್ಫೋಸಿಸ್ಸಿಗೆ ಹೋಗುವ ರಸ್ತೆ ಹೊಂಡ ಬಿದ್ದಿತ್ತು, ದನ, ಕುದುರೆಗಾಡಿ, ಆಟೋರಿಕ್ಷಾಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕಾಯಿತು ಎಂದು ಲೇಖಕರೇ ಬರೆದಿದ್ದಾರೆ. ಆ ಹೊಂಡಗಳನ್ನು ಅವರು ಕಂಡರು, ಆದರೆ ಅವು ಏನು ಹೇಳುತ್ತಿವೆ ಎಂಬುದನ್ನು ಕೇಳಿಸಿಕೊಳ್ಳಲಿಲ್ಲ. ಆಮೇಲೆ ಏನಾಯಿತೆಂದು ನಮಗೆ ಗೊತ್ತು. ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರ್ ಉದ್ದದ ಮೇಲುರಸ್ತೆ 2010ರ ಜನವರಿಯಲ್ಲಿ ತೆರೆಯಿತು, ಸುಂಕ ಕೊಟ್ಟು ಹೋಗುವವರಿಗೆ. ಚಪ್ಪಟೆಯಾದ ಜಗತ್ತನ್ನು ತಲುಪಲು ಕೊನೆಗೂ ನೆಲ ಬಿಟ್ಟು ಮೇಲೆ ಏರಬೇಕಾಯಿತು!

ಪುಸ್ತಕ ತೆರೆದುಕೊಳ್ಳುವ ಗಾಲ್ಫ್ ಮೈದಾನದ ಕಥೆಯೂ ಹೀಗೆಯೇ. ಬೆಂಗಳೂರಿನ ಕೆಜಿಎ ಮೈದಾನದಲ್ಲಿ ನಿಂತು ದೂರದಲ್ಲಿ ಮೈಕ್ರೋಸಾಫ್ಟ್, ಐಬಿಎಂ ಕಟ್ಟಡಗಳನ್ನು ನೋಡಿ ಲೇಖಕರು ಬೆರಗಾಗುತ್ತಾರೆ. ತಾವು ನಿಂತ ನೆಲವನ್ನು ಕೇಳಿದ್ದರೆ ಅದೂ ಒಂದು ಮಾತು ಹೇಳುತ್ತಿತ್ತು. ಬೆಂಗಳೂರಿನ ಕಳೆದುಹೋದ ಕೆರೆಗಳ ಪಟ್ಟಿಯಲ್ಲಿ ಚಲ್ಲಘಟ್ಟ ಕೆರೆಯ ಹೆಸರಿದೆ, ಅದರ ಮುಂದೆ ಬರೆದಿರುವುದು ಗಾಲ್ಫ್ ಮೈದಾನ ಎಂದು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದಂತೆ, ಸಂಪಂಗಿ ಕೆರೆ ಕ್ರೀಡಾಂಗಣವಾದಂತೆ ಇದೂ ಆಯಿತು. ಮೈದಾನ ತಾನಾಗಿ ಸಮವಾಗಲಿಲ್ಲ. ಅಲ್ಲೊಂದು ನೀರು ಇತ್ತು, ಅದನ್ನು ಇಲ್ಲದಂತೆ ಮಾಡಲಾಯಿತು.

ಬೆಂಗಳೂರು ಹೊರಗುತ್ತಿಗೆಯ ರಾಜಧಾನಿಯಾದದ್ದೂ ಇಂಟರ್‌ನೆಟ್ ಎಂಬ ಮಾಯೆಯಿಂದಲ್ಲ. 1909ರ ಭಾರತೀಯ ವಿಜ್ಞಾನ ಮಂದಿರ, 1940ರ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್, ಇವೆಲ್ಲ ಎಪ್ಪತ್ತು ವರ್ಷಗಳ ಕಾಲ ಆ ಊರಿನಲ್ಲಿ ವಿದ್ಯೆಯನ್ನೂ ಕುಶಲ ಕೈಗಳನ್ನೂ ಗುಡ್ಡೆ ಹಾಕಿದವು. ರಾಜ್ಯ ಸರಕಾರ 1976ರಲ್ಲಿ ಕಿಯೋನಿಕ್ಸ್ ಸ್ಥಾಪಿಸಿತು. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದಾಗ ಉಪಗ್ರಹ ಸಂಪರ್ಕ ಸಿಕ್ಕಿದ್ದು ಸರಕಾರದ ಅನುಮತಿಯಿಂದ. ಸಾಫ್ಟ್‌ವೇರ್ ರಫ್ತಿಗೆ ಆದಾಯ ತೆರಿಗೆ ವಿನಾಯಿತಿ 2011ರವರೆಗೆ ನಡೆಯಿತು. ಇದರಲ್ಲಿ ತಪ್ಪೇನಿಲ್ಲ, ಸರಕಾರ ಮಾಡಬೇಕಾದ್ದೇ ಅದು. ಆದರೆ ಇದು ಸಮತಟ್ಟು ನೆಲದ ಕಥೆಯಲ್ಲ, ಸಾರ್ವಜನಿಕ ಹಣದಿಂದ ಕಟ್ಟಿದ ಗುಡ್ಡದ ಕಥೆ. ಪುಸ್ತಕ ಬಂದ ವರ್ಷವೇ ರಿಚರ್ಡ್ ಫ್ಲೋರಿಡಾ ಎಂಬ ವಿದ್ವಾಂಸ ‘ಅಟ್ಲಾಂಟಿಕ್’ ಪತ್ರಿಕೆಯಲ್ಲಿ, ಜಗತ್ತು ಚಪ್ಪಟೆಯಲ್ಲ, ಕೆಲವೇ ನಗರಗಳಲ್ಲಿ ಮೊನೆಮೊನೆಯಾಗಿ ಎದ್ದುನಿಂತಿದೆ ಎಂದು ತೋರಿಸಿದರು. ನಂತರ ಪಂಕಜ್ ಘೇಮಾವತ್ 2007ರಲ್ಲಿ, ದೂರವಾಣಿ ಕರೆ, ಬಂಡವಾಳ, ವಲಸೆ ಯಾವುದನ್ನು ತೆಗೆದುಕೊಂಡರೂ ದೇಶದ ಗಡಿ ದಾಟುವುದು ನೂರಕ್ಕೆ ಹತ್ತರ ಆಸುಪಾಸು ಮಾತ್ರ ಎಂದು ಲೆಕ್ಕ ಕೊಟ್ಟರು.

ಗುಡ್ಡದ ಮೇಲೆ ನಿಂತವರಿಗೆ ತಗ್ಗು ಕಾಣುವುದಿಲ್ಲ. ಫ್ರೀಡ್‌ಮನ್ ಬೆಂಗಳೂರಿಗೆ ಬರುವ ಎರಡು ವರ್ಷ ಮೊದಲು, 2002ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕರ್ನಾಟಕದ ಪ್ರಾದೇಶಿಕ ಅಸಮಾನತೆಯ ವರದಿ ಕೊಟ್ಟಿತ್ತು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ, ಆ 39ರಲ್ಲಿ 21 ಗುಲ್ಬರ್ಗ ವಿಭಾಗದಲ್ಲೇ ಇವೆ ಎಂದು ಅದು ಹೇಳಿತು. ದೇವದುರ್ಗವೂ ಅದೇ ರಾಜ್ಯದಲ್ಲಿದೆ, ಜೇವರ್ಗಿಯೂ ಇದೆ. ಜಗತ್ತು ಚಪ್ಪಟೆಯಾಗಿದ್ದರೆ ಬೆಂಗಳೂರಿನಿಂದ ನ್ಯೂಯಾರ್ಕ್ ಕಾಣುವ ಮೊದಲು ದೇವದುರ್ಗ ಕಾಣಬೇಕಿತ್ತಲ್ಲವೇ? ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ರಕ್ಷಣೆ ಸಿಗಲು ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ಅದು ಸಿಕ್ಕಿದ್ದು ಹೋರಾಟದಿಂದ, ಶಾಸನದಿಂದ. ಯಾವ ಸಾಫ್ಟ್‌ವೇರ್ ಆವೃತ್ತಿಯಿಂದಲೂ ಅಲ್ಲ.

ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ದೂರದ ರಾಮನಗರಕ್ಕೆ ಬನ್ನಿ. ರೇಷ್ಮೆಗೂಡಿನ ಬಹುದೊಡ್ಡ ಮಾರುಕಟ್ಟೆ ಅಲ್ಲಿದೆ. ಗೂಡು ಬೆಳೆಯುವವರು ಸುತ್ತಮುತ್ತಲ ರೈತರು; ನೂಲು ಬಿಚ್ಚುವವರಲ್ಲಿ ಹೆಚ್ಚಿನವರು ಮುಸ್ಲಿಮರು. ಕುದಿಯುವ ನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕುವ ಹೆಣ್ಣುಮಕ್ಕಳ ಬೆರಳುಗಳ ಮೇಲೆ ಆ ಉದ್ಯಮ ನಿಂತಿದೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಚೀನಾದ ರೇಷ್ಮೆಗೆ ಬಾಗಿಲು ಅಗಲವಾಯಿತು, ಗೂಡಿನ ಬೆಲೆ ನೆಲ ಕಚ್ಚಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಬೇಕಾಯಿತು. ಇಲ್ಲಿ ನೆಲ ಸಮವಾಯಿತೋ ಇಳಿಜಾರಾಯಿತೋ ಎಂಬುದನ್ನು ನಿರ್ಧರಿಸಿದ್ದು ದೆಹಲಿಯಲ್ಲಿ ಬರೆದ ಒಂದು ಅಂಕಿ. ಆ ಅಂಕಿ ಬರೆದ ಕೈಗೆ ಹೆಸರಿದೆ, ಹುದ್ದೆಯಿದೆ. ಚಪ್ಪಟೆ ಜಗತ್ತು ಎಂದುಬಿಟ್ಟರೆ ಆ ಕೈ ಕಾಣದಾಗುತ್ತದೆ. ರಾಮನಗರದ ರೀಲರ್ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗದ ಅಪರಾಧಿಯಾಗಿ ಕಾಣುತ್ತಾನೆ.

ಸಾಫ್ಟ್‌ವೇರಿನವರಿಗಾದರೂ ಜಗತ್ತು ಚಪ್ಪಟೆಯಾಯಿತೇ? ಅಮೆರಿಕಾದ ಎಚ್-1ಬಿ ವೀಸಾದ ವಾರ್ಷಿಕ ಮಿತಿ 2001ರಿಂದ 2003ರವರೆಗೆ 1,95,000 ಇತ್ತು. ಫ್ರೀಡ್‌ಮನ್ ಬೆಂಗಳೂರಿಗೆ ಬರುವ ಕೆಲವೇ ತಿಂಗಳ ಹಿಂದೆ ಅದು 65,000ಕ್ಕೆ ಇಳಿದಿತ್ತು. ಜಗತ್ತು ಚಪ್ಪಟೆ ಎಂದು ಅವರು ಉದ್ಗರಿಸಿದ ಹೊತ್ತಿಗೆ ಅವರದೇ ದೇಶದ ಬಾಗಿಲು ಮೂರನೇ ಒಂದು ಪಾಲಿಗೆ ಕಿರಿದಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಅದಕ್ಕೆ ಒಂದು ತಿಂಗಳ ಹಿಂದೆ, ಆಗಸ್ಟ್‌ನಲ್ಲಿ, ಭಾರತದ ಅನೇಕ ಸರಕುಗಳ ಮೇಲೆ ಶೇ. 50ರಷ್ಟು ಸುಂಕ ಹೇರಿದ್ದರು. ದತ್ತಾಂಶ ಗಡಿ ದಾಟುತ್ತದೆ, ಬಂಡವಾಳ ಗಡಿ ದಾಟುತ್ತದೆ, ಮನುಷ್ಯ ದಾಟಲು ಹೋದರೆ ಗೋಡೆ ಏಳುತ್ತದೆ. ದತ್ತಾಂಶದ ದಾರಿಯೂ ಅಷ್ಟು ಸಲೀಸಲ್ಲ. 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದಡಿಯ ಕೇಬಲ್ಲುಗಳು ತುಂಡಾದಾಗ ಭಾರತದ ಇಂಟರ್‌ನೆಟ್ ಕುಂಟತೊಡಗಿತು.

ಕಾಲ್ ಸೆಂಟರುಗಳ ವಿಷಯವನ್ನೂ ನೋಡೋಣ. ಅಮೆರಿಕಾದ ಗಿರಾಕಿಗೆ ಹಿತವಾಗುವಂತೆ ನಾಲಿಗೆ ತಿದ್ದುವ ತರಗತಿಗಳನ್ನು ಫ್ರೀಡ್‌ಮನ್ ಮೆಚ್ಚಿ ವರ್ಣಿಸಿದ್ದಾರೆ. ಅಲ್ಲಿ ದುಡಿದ ಸಾವಿರಾರು ಹುಡುಗ ಹುಡುಗಿಯರಿಗೆ ಸಂಬಳ ಬಂತು, ಮನೆಗೆ ಆಸರೆಯಾಯಿತು, ಅನೇಕ ಹೆಣ್ಣುಮಕ್ಕಳಿಗೆ ತಮ್ಮ ಕಾಲ ಮೇಲೆ ನಿಲ್ಲುವ ಧೈರ್ಯ ಬಂತು. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ನೆಲ ನಿಜವಾಗಿ ಸಮವಾಗಿದ್ದರೆ ಒಂದೇ ಕಡೆಯವರು ಹೆಸರು ಬದಲಿಸಿ, ಉಚ್ಚಾರ ಬದಲಿಸಿ, ಹಗಲನ್ನು ರಾತ್ರಿ ಮಾಡಿಕೊಂಡು ಏಕೆ ಬದುಕಬೇಕು? ಬೆಂಗಳೂರಿನ ಗಿರಾಕಿಗಾಗಿ ಬೋಸ್ಟನ್ನಿನ ಹುಡುಗ ನಡುರಾತ್ರಿ ಎದ್ದು ಕನ್ನಡ ಕಲಿತನೇ?

ಮುಸ್ಲಿಮರ ವಿಷಯಕ್ಕೆ ಬಂದಾಗ ಈ ಶೀರ್ಷಿಕೆ ಇನ್ನಷ್ಟು ಕೆಟ್ಟ ಕೆಲಸ ಮಾಡುತ್ತದೆ. ಚಪ್ಪಟೆಯಾಗದ ಜಗತ್ತಿನ ಬಗ್ಗೆ ಪುಸ್ತಕದಲ್ಲಿ ಒಂದು ಅಧ್ಯಾಯವಿದೆ. ಅದರಲ್ಲಿ ರೋಗಿಗಳು, ಶಕ್ತಿಹೀನರು, ಹತಾಶರು ಎಂದು ಉಳಿದ ಮನುಷ್ಯರನ್ನು ವಿಂಗಡಿಸಲಾಗಿದೆ. ಅರಬ್ ಮತ್ತು ಮುಸ್ಲಿಮ್ ಜಗತ್ತು ಬರುವುದು ಹತಾಶೆಯ ಖಾನೆಯಲ್ಲಿ. ಆ ಹತಾಶೆಗೆ ಆ ದೇಶಗಳ ಸರ್ವಾಧಿಕಾರಿಗಳು ಕಾರಣರು ಎನ್ನುವುದರಲ್ಲಿ ಸತ್ಯವಿದೆ. ನಾವೂ ಅದನ್ನು ಹೇಳುತ್ತೇವೆ, ಹೇಳಬೇಕು. ಆದರೆ ಆ ಸರ್ವಾಧಿಕಾರಿಗಳನ್ನು ದಶಕಗಳ ಕಾಲ ಸಾಕಿದವರು ಯಾರು, ತೈಲ ಯಾರಿಗೆ ಬೇಕಿತ್ತು, ಬಾಂಬು ಯಾರ ವಿಮಾನದಿಂದ ಬಿತ್ತು ಎಂಬ ಪ್ರಶ್ನೆಗಳಿಗೆ ಚಪ್ಪಟೆ ನೆಲದ ಮೇಲೆ ಜಾಗವಿಲ್ಲ. 2003ರಲ್ಲಿ ಇರಾಕಿನ ಮೇಲಿನ ಯುದ್ಧವನ್ನು ಬೆಂಬಲಿಸಿದ ಅಂಕಣಕಾರರಲ್ಲಿ ಫ್ರೀಡ್‌ಮನ್ನರೂ ಒಬ್ಬರು. ಆ ಏಪ್ರಿಲ್‌ನಲ್ಲಿ ಬಾಗ್ದಾದಿನ ರಾಷ್ಟ್ರೀಯ ಗ್ರಂಥಾಲಯ ಬೆಂಕಿಗೆ ಆಹುತಿಯಾಯಿತು. ಭೂಮಿಯ ದುಂಡನ್ನು ಅಳೆದವರ ಊರು ಅದು. ಸರಿಯಾಗಿ ಎರಡು ವರ್ಷಕ್ಕೆ, ಜಗತ್ತು ಚಪ್ಪಟೆ ಎಂಬ ಪುಸ್ತಕ ಬಂತು.

ಅದೇ 2005ರ ಮಾರ್ಚ್‌ನಲ್ಲಿ ಭಾರತ ಸರಕಾರ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯನ್ನು ನೇಮಿಸಿತ್ತು. 2006ರ ನವೆಂಬರ್‌ನಲ್ಲಿ ಅದರ ವರದಿ ಸಂಸತ್ತಿನ ಮುಂದೆ ಬಂತು. ಜನಸಂಖ್ಯೆಯಲ್ಲಿ ಶೇ. 13.4ರಷ್ಟಿದ್ದ ಮುಸ್ಲಿಮರು ಐಎಎಸ್‌ನಲ್ಲಿ ಶೇ. 3, ಐಪಿಎಸ್‌ನಲ್ಲಿ ಶೇ. 4. ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಮ್ ಮಕ್ಕಳಲ್ಲಿ ನಾಲ್ವರಲ್ಲಿ ಒಂದು ಮಗು ಶಾಲೆಯ ಮುಖ ನೋಡಿಲ್ಲ ಅಥವಾ ನಡುವೆ ಬಿಟ್ಟಿದೆ. ಹೆಸರಾಂತ ಕಾಲೇಜುಗಳಲ್ಲಿ ಪದವಿಯ ಇಪ್ಪತ್ತೈದು ವಿದ್ಯಾರ್ಥಿಗಳಲ್ಲಿ ಒಬ್ಬ, ಸ್ನಾತಕೋತ್ತರದ ಐವತ್ತು ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಮ್. ಇದು ಏರುತಗ್ಗನ್ನು ಅಳೆದು ಬರೆದ ವರದಿ. ಅದಕ್ಕೆ ಆಕರ್ಷಕ ಹೆಸರಿರಲಿಲ್ಲ, ಸಾಮಾಜಿಕ, ಆರ್ಥಿಕ, ಶೈಕ್ಷಣಿಕ ಸ್ಥಿತಿಗತಿ ಎಂದಷ್ಟೇ ಇತ್ತು. ಹೆಸರು ಹೇಳಿದ್ದನ್ನೇ ಒಳಗಿನ ಪುಟಗಳೂ ಹೇಳಿದವು. ಆದರೂ ನಮ್ಮ ಇಂಗ್ಲಿಷ್ ಓದುವ ವರ್ಗದ ಕಪಾಟಿನಲ್ಲಿ ಯಾವ ಪುಸ್ತಕ ಹೆಚ್ಚು ಕಾಣುತ್ತಿತ್ತು ಎಂದು ಕೇಳಬೇಕಾಗಿಲ್ಲ.

ಇಂಥ ಅಂಕಿಗಳನ್ನು ಮುಂದಿಟ್ಟಾಗ ಒಂದು ಉತ್ತರ ಸಿದ್ಧವಾಗಿರುತ್ತದೆ: ಅಜೀಂ ಪ್ರೇಮ್‌ಜಿ ಮುಸ್ಲಿಮರಲ್ಲವೇ? ಹೌದು, ಪ್ರೇಮ್‌ಜಿಯವರ ಸಾಧನೆ ದೊಡ್ಡದು, ಅವರ ದಾನ ಅದಕ್ಕಿಂತ ದೊಡ್ಡದು. ಒಂದು ಎತ್ತರದ ಮರವನ್ನು ತೋರಿಸಿ ಇಡೀ ಹೊಲಕ್ಕೆ ನೀರು ಹರಿದಿದೆ ಎಂದು ಹೇಳುವುದು ಯಾವ ತರ್ಕ?

ಈ ಶೀರ್ಷಿಕೆಯನ್ನು ಸಮರ್ಥಿಸುವವರ ವಾದವನ್ನೂ ಕೇಳಬೇಕು. ಅದು ಬರೀ ರೂಪಕ, ಅಕ್ಷರಶಃ ತೆಗೆದುಕೊಳ್ಳಬಾರದು ಎನ್ನುತ್ತಾರೆ. ಅಸಮಾನತೆಯ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾರಲ್ಲ, ಬೆಂಗಳೂರಿನ ಸಮೀಪ ದಲಿತ ಮಕ್ಕಳಿಗಾಗಿ ನಡೆಯುವ ಶಾಲೆಯನ್ನೂ ನೆನೆದಿದ್ದಾರಲ್ಲ ಎನ್ನುತ್ತಾರೆ. ರೂಪಕವೇ ಇರಲಿ. ರೂಪಕಕ್ಕೂ ಒಂದು ನಿಯಮವಿದೆ. ಅದು ಕಾಣದ್ದನ್ನು ಕಾಣಿಸಬೇಕು, ಕಾಣುವುದನ್ನು ಮರೆಮಾಡಬಾರದು. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೀಮರ್ 2007ರಲ್ಲಿ ಈ ಪುಸ್ತಕದ ಮೇಲೆ ಬರೆದ ದೀರ್ಘ ವಿಮರ್ಶೆಯಲ್ಲಿ ಎತ್ತಿದ ಪ್ರಶ್ನೆ ಇದೇ: ಜಗತ್ತು ಚಪ್ಪಟೆಯಾಗುವುದು ಬೇರೆ, ಮೈದಾನ ಸಮವಾಗುವುದು ಬೇರೆ, ಜಗತ್ತು ಚಿಕ್ಕದಾಗುವುದು ಬೇರೆ, ಹೇಳುತ್ತಿರುವುದು ಯಾವುದನ್ನು? ದೂರ ಕಡಿಮೆಯಾದ ಮಾತ್ರಕ್ಕೆ ಎತ್ತರ ಕಡಿಮೆಯಾಗುವುದಿಲ್ಲ. ಜಮೀನ್ದಾರನ ಮನೆ ಪಕ್ಕದಲ್ಲೇ ಇದ್ದರೂ ಅದರ ಜಗಲಿ ಎತ್ತರದಲ್ಲೇ ಇರುತ್ತದೆ. ಇನ್ನು ಆ ಒಂದು ಅಧ್ಯಾಯ. ವೈದ್ಯನ ಫಲಕ ಹಾಕಿ ಒಳಗಿನ ಮೂಲೆಯಲ್ಲಿ ತಾನು ವೈದ್ಯನಲ್ಲ ಎಂದು ಚೀಟಿ ಅಂಟಿಸಿದರೆ ಮೋಸ ತಪ್ಪುತ್ತದೆಯೇ? ಜನ ನೋಡುವುದು ಫಲಕವನ್ನು.

ನಮ್ಮೊಳಗೂ ಒಂದು ಮಾತು. ಈ ಶೀರ್ಷಿಕೆಯನ್ನು ನಂಬಿದವರು ಹೊರಗಿನವರಷ್ಟೇ ಅಲ್ಲ. ಮುಸ್ಲಿಮರ ಶಿಕ್ಷಣದ ಪ್ರಶ್ನೆ ಬಂದಾಗಲೆಲ್ಲ ಮದರಸಾಗಳಿಗೆ ಕಂಪ್ಯೂಟರ್ ಕೊಟ್ಟರಾಯಿತು ಎನ್ನುವ ಮಾತು ಬರುತ್ತದೆ. ಪೂರ್ಣಾವಧಿ ಮದರಸಾಕ್ಕೆ ಹೋಗುವ ಮಕ್ಕಳು ನೂರಕ್ಕೆ ಮೂರು ನಾಲ್ಕು ಮಾತ್ರ ಎಂದು ಸಾಚಾರ್ ವರದಿಯೇ ಹೇಳಿದೆ. ಉಳಿದ ತೊಂಬತ್ತಾರು ಮಕ್ಕಳ ಸರಕಾರಿ ಶಾಲೆಗೆ ಮೇಷ್ಟ್ರು ಬೇಕು, ಹುಡುಗಿಯರಿಗೆ ಹತ್ತಿರದಲ್ಲಿ ಪ್ರೌಢಶಾಲೆ ಬೇಕು, ಹಾಸ್ಟೆಲ್ ಬೇಕು, ವಿದ್ಯಾರ್ಥಿವೇತನ ಬೇಕು. ಕಂಪ್ಯೂಟರ್ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಸುಲಭ. ಮೈದಾನ ಸಮ ಇದೆ, ಬೂಟು ಕೊಟ್ಟರೆ ಸಾಕು ಎಂಬ ನಂಬಿಕೆ ಅದು. ಇದಕ್ಕೆ ವಿರುದ್ಧವಾಗಿ, ಇಡೀ ತಂತ್ರಜ್ಞಾನವೇ ಪಾಶ್ಚಾತ್ಯರ ಪಿತೂರಿ ಎಂದು ಮುಖ ತಿರುಗಿಸುವವರೂ ನಮ್ಮಲ್ಲಿದ್ದಾರೆ. ಅವರು ಬಾಗ್ದಾದಿನ ವಿದ್ವಾಂಸರನ್ನು ಹೆಮ್ಮೆಯಿಂದ ನೆನೆಯುತ್ತಾರೆ, ಆ ವಿದ್ವಾಂಸರು ಗ್ರೀಕರಿಂದಲೂ ಭಾರತೀಯರಿಂದಲೂ ಕಲಿತದ್ದನ್ನು ಮರೆಯುತ್ತಾರೆ. ಒಬ್ಬರು ಯಂತ್ರವನ್ನು ಪೂಜಿಸುತ್ತಾರೆ, ಇನ್ನೊಬ್ಬರು ದ್ವೇಷಿಸುತ್ತಾರೆ. ಯಂತ್ರ ಯಾರ ಕೈಯಲ್ಲಿದೆ ಎಂದು ಇಬ್ಬರೂ ಕೇಳುವುದಿಲ್ಲ.

ಈಗ ಕೃತಕ ಬುದ್ಧಿಮತ್ತೆಯ ಕಾಲ. ಹೊಸ ಪುಸ್ತಕಗಳು, ಹೊಸ ಶೀರ್ಷಿಕೆಗಳು ಬರುತ್ತಿವೆ. ಎಲ್ಲರಿಗೂ ಸಮಾನ ಅವಕಾಶ ತೆರೆಯಿತು, ಹಳ್ಳಿಯ ಹುಡುಗಿಗೂ ಜಗತ್ತು ಅಂಗೈಯಲ್ಲಿ ಬಂತು ಎಂಬ ಮಾತುಗಳು ಮತ್ತೆ ಕೇಳುತ್ತಿವೆ. ಆ ಯಂತ್ರಗಳಿಗೆ ಬೇಕಾದ ಚಿಪ್ಪುಗಳನ್ನು ಚೀನಾಕ್ಕೆ ಮಾರಬಾರದೆಂದು ಅಮೆರಿಕಾ 2022ರ ಅಕ್ಟೋಬರ್‌ನಲ್ಲೇ ನಿರ್ಬಂಧ ಹಾಕಿತು ಎಂಬುದನ್ನು ಮಾತ್ರ ಆ ಶೀರ್ಷಿಕೆಗಳು ಹೇಳುವುದಿಲ್ಲ. ಆದ್ದರಿಂದ ತಂತ್ರಜ್ಞಾನದ ಬಗ್ಗೆ ಯಾವುದೇ ಪುಸ್ತಕ ಕೈಗೆ ಬಂದಾಗ ಮೊದಲು ಅದರ ಹೆಸರಿನ ವ್ಯಾಕರಣ ನೋಡಬೇಕು. ಅದರಲ್ಲಿ ಕೆಲಸ ಮಾಡುವವನಿದ್ದಾನೆಯೇ, ಅಥವಾ ಎಲ್ಲವೂ ತಾನೇ ತಾನಾಗಿ ಆಗಿಹೋಗಿದೆಯೇ? ಹೆಸರಿನಲ್ಲಿ ಕರ್ತೃವಿಲ್ಲದಿದ್ದರೆ ಒಳಗಿನ ಪುಟಗಳಲ್ಲಿ ಅವನನ್ನು ಹುಡುಕಬೇಕು.

ನಿಲೇಕಣಿಯವರ ಆ ಮೂಲ ವಾಕ್ಯವನ್ನು ನಾವು ಮರಳಿ ಪಡೆಯಬೇಕಾಗಿದೆ. ಮೈದಾನವನ್ನು ಸಮ ಮಾಡಲಾಗುತ್ತಿದೆ ಎಂದರಲ್ಲವೇ, ಒಳ್ಳೆಯದು. ಹಾಗಾದರೆ ಹಲಗೆ ಯಾರ ಕೈಯಲ್ಲಿದೆ? ದೇವದುರ್ಗದವರೆಗೆ ಅದು ಯಾವಾಗ ಬರುತ್ತದೆ? ರಾಮನಗರದ ರೀಲರನ ಮೂಲೆಯಿಂದ ಎತ್ತಿದ ಮಣ್ಣನ್ನು ಎಲ್ಲಿ ಸುರಿದಿರಿ? ಶಾಲೆ ಬಿಟ್ಟ ಆ ನಾಲ್ಕನೆಯ ಮಗು ಮೈದಾನದ ಒಳಗಿದೆಯೋ ಬೇಲಿಯ ಆಚೆಗೋ? ಜಗತ್ತು ಚಪ್ಪಟೆ ಎಂದು ಒಪ್ಪಿಕೊಂಡರೆ ಈ ಪ್ರಶ್ನೆಗಳನ್ನು ಕೇಳುವ ಹಕ್ಕನ್ನೇ ಬಿಟ್ಟುಕೊಟ್ಟಂತೆ. ಅದನ್ನು ಬಿಟ್ಟುಕೊಡಲು ನಾವು ಸಿದ್ಧರಿಲ್ಲ.